ಕಿಂಡಿಯಲ್ಲಿ ಹಿಡಿಸದ ಉಡುಗೊರೆ

ಹೊಳೆಯೊಂದು ಮೂರು ಸಲ ಮೈ ತಿರುವಿ ಹರಿಯುವ ಒಂದು ಕಾಡಿನಲ್ಲಿ ಚುಂಚಪ್ಪನೆಂಬ ಮಂಗಟ್ಟೆ ಹಕ್ಕಿ ಇದ್ದ. ಮಂಗಟ್ಟೆ ಗೊತ್ತಲ್ಲ? ಬಾಳೆಕಾಯಿಯಷ್ಟು ಉದ್ದದ ಹಳದಿ ಕೊಕ್ಕು, ಅದರ ಮೇಲೆ ಟೊಪ್ಪಿಗೆ ಇಟ್ಟಂಥ ಕೊಂಬು. ಹಾರಿದರೆ ರೆಕ್ಕೆಯ ಸದ್ದು ಅರ್ಧ ಕಾಡಿಗೆ ಕೇಳುತ್ತದೆ. ಭುಸ್, ಭುಸ್, ಭುಸ್! ಕದ್ದುಮುಚ್ಚಿ ಎಲ್ಲಿಗೂ ಹೋಗುವಂತಿಲ್ಲ. ಚುಂಚಪ್ಪನ ಮನಸ್ಸೂ ಹಾಗೇ ಇತ್ತು. ಒಳಗೆ ಏನಿದ್ದರೂ ಮುಖದಲ್ಲಿ ಕಾಣುತ್ತಿತ್ತು. ಯಾರು ಏನು ಹೇಳಿದರೂ "ಹೌದಾ?" ಎಂದು ಕಣ್ಣರಳಿಸಿ ನಂಬಿಬಿಡುತ್ತಿದ್ದ.

ಬೇಸಿಗೆ ಶುರುವಾಗುವ ಹೊತ್ತಿಗೆ ಅವನ ಹೆಂಡತಿ ಸಂಪಿ ಎತ್ತರದ ತಾರೆ ಮರದ ಪೊಟರೆಯೊಳಗೆ ಹೋಗಿ ಕುಳಿತಳು. ಮಂಗಟ್ಟೆಗಳ ಮನೆತನದ ಪದ್ಧತಿಯೇ ಅದು. ಮೊಟ್ಟೆ ಇಡುವ ಕಾಲ ಬಂದರೆ ಹೆಣ್ಣು ಪೊಟರೆ ಸೇರುತ್ತಾಳೆ. ಗಂಡ ಹಸಿಮಣ್ಣು ತಂದುಕೊಡುತ್ತಾನೆ. ಅವಳು ಒಳಗಿನಿಂದಲೇ ಬಾಗಿಲಿಗೆ ಗೋಡೆ ಕಟ್ಟಿಕೊಳ್ಳುತ್ತಾಳೆ. ಹಾವು ನುಗ್ಗಬಾರದು, ಉಡ ನುಗ್ಗಬಾರದು, ಅದಕ್ಕೆ. ಕೊನೆಗೆ ಉಳಿಯುವುದು ಒಂದೇ ಒಂದು ಕಿಂಡಿ. ಅವಳ ಕೊಕ್ಕಿನ ತುದಿ ಹೊರಗೆ ಬರಬೇಕು, ಒಂದು ಅತ್ತಿಹಣ್ಣು ಒಳಗೆ ಹೋಗಬೇಕು, ಅಷ್ಟೇ ಅಗಲ. ಒಳಗೆ ಕೂತವಳ ರೆಕ್ಕೆಯ ಗರಿಗಳೂ ಉದುರಿಹೋಗುತ್ತವೆ. ಅವು ಮತ್ತೆ ಮೂಡುವವರೆಗೆ ಅವಳು ಹಾರಲಾರಳು. ಗಂಡ ತಂದರೆ ಊಟ, ತರದಿದ್ದರೆ ಉಪವಾಸ.

ಚುಂಚಪ್ಪ ತರುವುದರಲ್ಲಿ ಹಿಂದೆ ಬೀಳುವವನಲ್ಲ. ಗಂಟಲ ತುಂಬ ಅತ್ತಿಹಣ್ಣು ತುಂಬಿಕೊಂಡು ಬಂದು ಗೋಡೆಗೆ ಕೊಕ್ಕಿನಿಂದ ಟಕ್ ಟಕ್ ಎಂದು ಬಡಿಯುತ್ತಿದ್ದ. ಕಿಂಡಿಯಿಂದ ಸಂಪಿಯ ಕೊಕ್ಕು ಇಣುಕುತ್ತಿತ್ತು. ಅವನು ಹಣ್ಣುಗಳನ್ನು ಒಂದೊಂದಾಗಿ ಕೊಡುತ್ತಿದ್ದ. ಒಂದು ಹಣ್ಣಿಗೆ ಒಂದು ಸುದ್ದಿ.

"ಇಗೋ ತಗೋ. ಇವತ್ತು ಕರಡಿಯಮ್ಮ ಹುತ್ತಕ್ಕೆ ಮೂಗು ತೂರಿಸಿ ಜೋರಾಗಿ ಸೀನಿದಳು. ಆ ಧೂಳಿಗೆ ಮೂರು ಮರದ ಮುಸುವ ಕೋತಿಗಳು ಕೆಮ್ಮಿದವು."

"ಅಯ್ಯೋ! ಆಮೇಲೆ?"

"ಆಮೇಲಿನದು ಮುಂದಿನ ಹಣ್ಣಿಗೆ. ಇಗೋ."

ಹಣ್ಣು ಉಳಿದು ಸುದ್ದಿ ಮುಗಿದರೆ, "ಇದಕ್ಕೆ ಸುದ್ದಿ ಇಲ್ಲ ಕಣೇ. ನಿನ್ನ ನೆನಪಾಯ್ತು, ಅಷ್ಟೇ" ಎನ್ನುತ್ತಿದ್ದ. ಒಳಗಿನಿಂದ ಕಿಸಕ್ಕೆಂದು ನಗು ಕೇಳುತ್ತಿತ್ತು. ಕೆಲವೊಮ್ಮೆ ಮುತ್ತುಗದ ಹೂವಿನ ಎಸಳು ತರುತ್ತಿದ್ದ, ಕೆಲವೊಮ್ಮೆ ಘಮಘಮಿಸುವ ಒಂದು ಚೂರು ತೊಗಟೆ. ತಿನ್ನಲು ಬರುವಂಥದ್ದಲ್ಲ. ಆದರೂ ಸಂಪಿ ಅವನ್ನೆಲ್ಲ ಪೊಟರೆಯ ಮೂಲೆಯಲ್ಲಿ ಜೋಡಿಸಿಕೊಂಡಿದ್ದಳು.

ಅದೇ ಮರದಲ್ಲಿ, ಎರಡು ಕೊಂಬೆ ಕೆಳಗಿನ ಪೊಟರೆಯಲ್ಲಿ ಜಂಬಣ್ಣನೆಂಬ ಕೆಂದಳಿಲು ವಾಸವಾಗಿದ್ದ. ಬೆಕ್ಕಿನಷ್ಟು ದೊಡ್ಡ ಮೈ, ಮೈಗಿಂತ ದೊಡ್ಡ ಬಾಲ, ಬಾಲಕ್ಕಿಂತ ದೊಡ್ಡ ಬಾಯಿ. ಬೆಳಗೆದ್ದರೆ ಬಾಲ ಬಾಚುವುದು, ಮಧ್ಯಾಹ್ನ ಬಾಲ ಒಣಗಿಸುವುದು, ಸಂಜೆ ಅದನ್ನು ಊರಿಗೆಲ್ಲ ಕಾಣುವಂತೆ ಇಳಿಬಿಡುವುದು. ಅವನಿಗೆ ಒಂದೇ ಒಂದು ಕೊರಗಿತ್ತು. ಕಣ್ಣೆದುರಿಗೆ ಹೊಳೆಯ ಆಚೆ ದಡದಲ್ಲಿ ಮಾವು, ಕಾಡುಬಾಳೆ, ಹಲಸು ಎಲ್ಲ ತೊನೆಯುತ್ತಿದ್ದವು. ಗಾಳಿ ಬೀಸಿದರೆ ಅವುಗಳ ವಾಸನೆ ನೇರವಾಗಿ ಮೂಗಿಗೇ ಬಡಿಯುತ್ತಿತ್ತು. ದಾಟೋಣವೆಂದರೆ ರೆಕ್ಕೆಯಿಲ್ಲ. ನೆಗೆಯೋಣವೆಂದರೆ ಹೊಳೆ ಅಗಲ. ಈಜೋಣವೆಂದರೆ ಬಾಲ ಒದ್ದೆಯಾಗುತ್ತದೆ, ಅಲ್ಲದೆ ಹೊಳೆಯಲ್ಲಿ ಮೊಸಳೆಯೂ ಇತ್ತು.

ದಿನಕ್ಕೆ ಹತ್ತು ಸಲ ಹೊಳೆ ದಾಟಿ ಭುಸ್ ಭುಸ್ಸೆಂದು ಓಡಾಡುವ ಚುಂಚಪ್ಪನನ್ನು ಜಂಬಣ್ಣ ನೋಡಿದ. ಕಿಂಡಿಯನ್ನೂ ನೋಡಿದ. ಕಿಂಡಿಯ ಅಗಲವನ್ನು ಇನ್ನೂ ಚೆನ್ನಾಗಿ ನೋಡಿದ. ಮೀಸೆ ತಿರುವಿಕೊಂಡ.

ಮರುದಿನ ಚುಂಚಪ್ಪ ಹಣ್ಣು ಕೊಟ್ಟು ತಿರುಗುವಷ್ಟರಲ್ಲಿ ಜಂಬಣ್ಣ ಕೊಂಬೆಯ ಮೇಲೆ ಅಡ್ಡ ಕುಳಿತಿದ್ದ.

"ಭಾವಾ, ಒಂದು ಮಾತು."

ಇವನು ಯಾವಾಗಿನಿಂದ ನನಗೆ ಭಾವಮೈದುನನಾದ ಎಂದು ಚುಂಚಪ್ಪನಿಗೆ ತಿಳಿಯಲಿಲ್ಲ. ಆದರೂ ಹಾಗೆ ಕರೆಸಿಕೊಂಡದ್ದು ಖುಷಿಯಾಯಿತು. "ಏನಪ್ಪಾ?" ಎಂದ.

"ಹೇಳಬಾರದು. ಆದರೂ ನಮ್ಮಕ್ಕನ ಕಣ್ಣೀರು ನೋಡಿ ಹೇಗೆ ಸುಮ್ಮನಿರಲಿ?"

"ಕಣ್ಣೀರಾ? ಸಂಪಿ ಅಳ್ತಿದ್ದಾಳಾ? ಈಗಷ್ಟೇ ನಗ್ತಿದ್ದಳಲ್ಲ!"

"ನಿಮ್ಮೆದುರಿಗೆ ನಗ್ತಾಳೆ ಭಾವ. ನೀವು ಅತ್ತ ಹೋದ ಮೇಲೆ ನೋಡಬೇಕು. 'ಅತ್ತಿಹಣ್ಣು, ಅತ್ತಿಹಣ್ಣು, ಮತ್ತೆ ಅದೇ ಅತ್ತಿಹಣ್ಣು! ನನ್ನ ಬೆಲೆ ಇಷ್ಟೇನಾ?' ಅಂತಾಳೆ. ಸುಮ್ಮನೆ ಯೋಚನೆ ಮಾಡಿ. ಇಷ್ಟು ದೊಡ್ಡ ಕೊಕ್ಕು ನಿಮ್ಮದು. ಇಷ್ಟು ದೊಡ್ಡ ರೆಕ್ಕೆ. ತರೋದು ಮಾತ್ರ ಇಷ್ಟೇ ಇಷ್ಟು ಹಣ್ಣು!" ಜಂಬಣ್ಣ ಉಗುರಿನ ತುದಿ ತೋರಿಸಿದ.

ಚುಂಚಪ್ಪನ ಮುಖ ಇಳಿದುಹೋಯಿತು. ಹೌದಲ್ಲ! ತನಗೇ ಏಕೆ ಹೊಳೆಯಲಿಲ್ಲ? ಪಾಪ, ಅಷ್ಟು ಕತ್ತಲೆಯಲ್ಲಿ ಕೂತವಳಿಗೆ ಇಷ್ಟು ದಿನ ಗೋಲಿಯಂಥ ಹಣ್ಣು ಕೊಟ್ಟು ಸುದ್ದಿ ಹೇಳಿ ಸಾಗಹಾಕಿದೆನಲ್ಲ!

"ಏನು ತರಲಿ? ಈಗಲೇ ಹೇಳು!" ಎಂದು ಎರಡು ಕಾಲಿನಲ್ಲೂ ಕುಣಿದ.

"ಮೊದಲಿಗೆ ಒಂದು ಮಾವಿನಹಣ್ಣು. ದೊಡ್ಡದು. ಹೊಳೆಯಾಚೆಗಿದೆ ನೋಡಿ, ಆ ಮರದ್ದು. ಇಲ್ಲ ಇಲ್ಲ, ಅದಲ್ಲ. ಅದರ ಪಕ್ಕದ್ದು, ಸಿಹಿ ಜಾಸ್ತಿ ಇರುತ್ತೆ."

ಚುಂಚಪ್ಪ ಭುಸ್ಸೆಂದು ಹೋದ, ಭುಸ್ಸೆಂದು ಬಂದ. ಕೊಕ್ಕಿನಲ್ಲಿ ಚಿನ್ನದ ಬಣ್ಣದ ಮಾವಿನಹಣ್ಣು. ನೇರವಾಗಿ ಕಿಂಡಿಗೆ ತುರುಕಿದ. ಒಳಗೆ ಹೋಗಲಿಲ್ಲ. ಹಿಂದೆ ಸರಿದು, ಓಡಿ ಬಂದು, ಟೊಪ್ಪಿಗೆಯ ಕೊಂಬಿನಿಂದ ಗುದ್ದಿದ. ಪಚಕ್! ಹಣ್ಣು ಕಿಂಡಿಗೆ ಬಿರಡೆಯ ಹಾಗೆ ಕಚ್ಚಿಕೊಂಡಿತು. ಒಳಗೆ ಪೂರ್ತಿ ಕತ್ತಲೆ.

"ಊಂ! ಊಂ ಊಂ ಊಂ!" ಎಂದು ಹಣ್ಣಿನ ಆಚೆಯಿಂದ ಸದ್ದು ಬಂತು.

"ಏನಂತಾಳೆ?" ಚುಂಚಪ್ಪ ಕಂಗಾಲಾಗಿ ಕೇಳಿದ.

ಜಂಬಣ್ಣ ಗೋಡೆಗೆ ಕಿವಿ ಹಚ್ಚಿ ತಲೆಯಾಡಿಸಿದ. "ಚಿಕ್ಕದಾಯ್ತಂತೆ ಭಾವ."

"ಚಿಕ್ಕದಾ? ಒಳಗೇ ಹೋಗ್ತಿಲ್ಲವಲ್ಲೋ!"

"ಹೆಂಗಸರ ಮನಸ್ಸು ನಿಮಗೆ ತಿಳಿಯೋದಿಲ್ಲ. ಸಿಟ್ಟು ಬಂದಿದೆ ಅವಳಿಗೆ. ಮನಸ್ಸು ತಣ್ಣಗಾಗೋವರೆಗೆ ಕಿಂಡಿ ಹತ್ತಿರ ನಿಮ್ಮ ಮುಖ ತೋರಿಸಬೇಡಿ ಅಂತಿದ್ದಾಳೆ. ಮಾತೂ ಬೇಡವಂತೆ. ನೀವು ಹೋಗಿ, ನಾಳೆಗೆ ಇನ್ನೂ ದೊಡ್ಡದು ತನ್ನಿ. ಇದನ್ನು ನಾನು ಚೂರು ಚೂರು ಮಾಡಿ ಅಕ್ಕನಿಗೆ ತಿನ್ನಿಸ್ತೀನಿ. ನಾನಿಲ್ವಾ? ಯಾಕೆ ಯೋಚನೆ?"

ಚುಂಚಪ್ಪನ ಕಣ್ಣು ತುಂಬಿ ಬಂತು. ಎಂಥ ಒಳ್ಳೆಯ ನೆರೆಯವನು! ಅವನು ಹಿಂತಿರುಗಿ ನೋಡುತ್ತ ನೋಡುತ್ತ ಹಾರಿಹೋದ. ಹಾಗೆ ನೋಡುತ್ತ ಹೋದದ್ದಕ್ಕೆ ದಾರಿಯ ಮರಕ್ಕೊಂದು ಡಿಕ್ಕಿಯನ್ನೂ ಹೊಡೆದ.

ಜಂಬಣ್ಣ ಹಣ್ಣನ್ನು ಕಿತ್ತು, ತಿರುಳನ್ನೆಲ್ಲ ತಾನು ಚಪ್ಪರಿಸಿ, ಸಿಪ್ಪೆಯ ಒಂದು ಚೂರನ್ನು ಕಿಂಡಿಯಲ್ಲಿ ಹಾಕಿದ್ದು ಚುಂಚಪ್ಪನಿಗೆ ಗೊತ್ತಾಗಲಿಲ್ಲ.

ಎರಡನೆಯ ದಿನ ಬಾಳೆಹಣ್ಣು. ಕಾಡುಬಾಳೆಯ ಒಂದು ಇಡೀ ಚಿಪ್ಪನ್ನು ಚುಂಚಪ್ಪ ಕುತ್ತಿಗೆಗೆ ಹಾರದ ಹಾಗೆ ಹಾಕಿಕೊಂಡು ಬಂದ. ಮುಸುವಗಳೆಲ್ಲ ಮರದ ತುದಿಗೆ ಬಂದು, "ಮದುವೆ ಯಾರದು ಚುಂಚಪ್ಪ? ನಮ್ಮನ್ನು ಕರೀಲೇ ಇಲ್ಲ!" ಎಂದು ಕೂಗಿದವು. ಒಂದೆರಡು ಮುಸುವ ಜೊತೆಗೇ ನೆಗೆದು ಬಂದು ಹಾರದಿಂದ ನಾಲ್ಕು ಹಣ್ಣು ಕಿತ್ತುಕೊಂಡವು. ಉಳಿದದ್ದನ್ನು ಅವನು ಜಂಬಣ್ಣನ ಮುಂದೆ ಇಳಿಸಿ, ಏದುಸಿರು ಬಿಡುತ್ತ ಕೇಳಿದ.

"ಇವತ್ತು ಖುಷಿಯಾಗ್ತಾಳಾ?"

ಜಂಬಣ್ಣ ಮೇಲೆ ಹತ್ತಿ, ಕಿಂಡಿಯ ಹತ್ತಿರ ಏನೋ ಪಿಸುಗುಟ್ಟಿ, ಇಳಿದು ಬಂದ. "ಸ್ವಲ್ಪ ನಕ್ಕಳು ಭಾವ. ಪೂರ್ತಿ ಅಲ್ಲ. ಕಾಲು ಭಾಗ."

"ಕಾಲು ಭಾಗ!" ಚುಂಚಪ್ಪನಿಗೆ ಅಷ್ಟೇ ಸಾಕಾಯಿತು. ಗಾಳಿಯಲ್ಲಿ ಎರಡು ಲಾಗ ಹಾಕಿದ. "ಉಳಿದ ಮುಕ್ಕಾಲು ಭಾಗಕ್ಕೆ ಏನು ತರಲಿ?"

ಜಂಬಣ್ಣ ಕಣ್ಣು ಮುಚ್ಚಿ, ಉಗುಳು ನುಂಗಿ, ಮೆಲ್ಲಗೆ ಹೇಳಿದ. "ಹಲಸು."

ಮೂರನೆಯ ದಿನ ಆ ಕಾಡಿನಲ್ಲಿ ನಡೆದದ್ದನ್ನು ನೋಡಿದವರು ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ಹೇಳುತ್ತಾರೆ. ಚುಂಚಪ್ಪ ಹಲಸಿನ ಮರವನ್ನೆಲ್ಲ ಸುತ್ತಿ, ತಾನು ಹೊರಬಹುದಾದ ಅತಿ ಚಿಕ್ಕ ಕಾಯಿಯೊಂದನ್ನು ಹುಡುಕಿದ. ಅದು ಇನ್ನೂ ಹಣ್ಣಾಗಿರಲಿಲ್ಲ. ತೊಟ್ಟನ್ನು ಕಡಿದು ಕೊಕ್ಕಿನಲ್ಲಿ ಹಿಡಿದ. ಹಿಡಿದದ್ದೇ ತಡ, ಕಾಯಿ ಅವನನ್ನು ಹಿಡಿದುಕೊಂಡು ಕೆಳಗೆ ಹೊರಟಿತು. ರೆಕ್ಕೆ ಬಡಿದ, ಬಡಿದ, ಬಡಿದ. ಮೇಲೇಳುವ ಬದಲು ಹೊಳೆಯ ನೀರಿಗೆ ಒಂದು ಗೇಣು ಮೇಲೆ ಓಲಾಡುತ್ತ ಸಾಗಿದ. ಮೊಸಳೆ ಬಾಯಿ ತೆರೆಯಿತು. ಮುಳ್ಳು ಮುಳ್ಳಾದ ಏನೋ ಒಂದು ನೇರ ತನ್ನ ಬಾಯಿಗೇ ಬರುತ್ತಿರುವುದನ್ನು ನೋಡಿ ಹೆದರಿ ಬಾಯಿ ಮುಚ್ಚಿ ಮುಳುಗಿತು.

"ಏ ಚುಂಚಪ್ಪಾ, ಕಾಲು ಮಡಚೋ!" ಎಂದು ಒಂದು ಮುಸುವ ಕೂಗಿತು.

"ಎಡಕ್ಕೆ! ಎಡಕ್ಕೆ!" ಎಂದು ಇನ್ನೊಂದು.

"ಅದು ಅವನ ಬಲ ಕಣೋ!" ಎಂದು ಮತ್ತೊಂದು.

ದಡಕ್ಕೆ ಬಂದ. ಒಂದು ಕೊಂಬೆ, ಇನ್ನೊಂದು ಕೊಂಬೆ, ಹೀಗೆ ಹತ್ತು ಕಡೆ ಕೂತು, ಹತ್ತು ಕಡೆ ದಣಿವಾರಿಸಿಕೊಂಡು ಕೊನೆಗೆ ತಾರೆ ಮರ ತಲುಪಿದ. ಜಂಬಣ್ಣ ಎರಡೂ ಕೈ ಚಾಚಿ ಕಾಯಿಯನ್ನು ಅಪ್ಪಿಕೊಂಡ. ಅಕ್ಕನ ಗಂಡನನ್ನು ಅವನು ಯಾವತ್ತೂ ಹಾಗೆ ಅಪ್ಪಿಕೊಂಡಿರಲಿಲ್ಲ.

"ಇದು ಕಾಯಿ. ಹಣ್ಣಾಗಲು ನಾಲ್ಕು ದಿನ ಬೇಕು. ನನ್ನ ಪೊಟರೆಯಲ್ಲೇ ಜೋಪಾನ ಮಾಡ್ತೀನಿ" ಎಂದ ಜಂಬಣ್ಣ. "ನೀವು ನಾಳೆ ಒಂದು ಹೆಜ್ಜೇನಿನ ತಟ್ಟಿ ತಂದುಬಿಡಿ. ಅಲ್ಲಿಗೆ ಅಕ್ಕನ ಮುನಿಸು ಪೂರ್ತಿ ಹೋಗುತ್ತೆ."

"ಒಂದೇ ಒಂದು ಸಲ ಕಿಂಡಿ ಹತ್ತಿರ ಹೋಗಿ ಬರಲಾ? ಮೂರು ದಿನ ಆಯ್ತು ಮಾತಾಡಿ."

"ಅಯ್ಯೋ, ಬೇಡ ಭಾವ! ಮಾಡಿದ್ದೆಲ್ಲ ಹಾಳಾಗುತ್ತೆ."

ಚುಂಚಪ್ಪ ಕಿಂಡಿಯ ಕಡೆ ನೋಡಿದ. ಕೊಕ್ಕಿನ ತುದಿಯೂ ಕಾಣಲಿಲ್ಲ. ಹೇಳಬೇಕೆಂದುಕೊಂಡ ಸುದ್ದಿಗಳೆಲ್ಲ ಗಂಟಲಲ್ಲಿ ಗುಂಪುಗೂಡಿ ಕುಳಿತಿದ್ದವು. ಮೊಸಳೆ ಬಾಯಿ ಮುಚ್ಚಿಕೊಂಡ ಸುದ್ದಿಯೊಂದೇ ಸಾಕಿತ್ತು ಅವಳನ್ನು ಅರ್ಧ ದಿನ ನಗಿಸಲು. ನುಂಗಿಕೊಂಡು ಹೋದ.

ನಾಲ್ಕನೆಯ ದಿನ ಬೆಳಗ್ಗೆ ಹೆಜ್ಜೇನು ಕಟ್ಟಿದ್ದ ಬಂಡೆಗೆ ಹೋದ. ತಟ್ಟಿ ಎಮ್ಮೆಯ ಕಿವಿಯಂತೆ ನೇತಾಡುತ್ತಿತ್ತು. ಚುಂಚಪ್ಪ ವಿನಯದಿಂದ, "ಅಮ್ಮಂದಿರಾ, ನನ್ನ ಹೆಂಡತಿ ಮುನಿಸಿಕೊಂಡಿದ್ದಾಳೆ, ಒಂದು ಚೂರು..." ಎಂದು ಶುರು ಮಾಡಿದ. ಜೇನುಗಳು ಉಳಿದ ಮಾತು ಕೇಳಲಿಲ್ಲ. ಝೊಂಯ್ ಎಂದು ಎದ್ದವು. ಚುಂಚಪ್ಪ ಮುಂದೆ, ಜೇನಿನ ದಂಡು ಹಿಂದೆ. ಬಿದಿರು ಮೆಳೆ ನುಗ್ಗಿದ, ಜಿಂಕೆಯ ಹಿಂಡಿನ ಮಧ್ಯೆ ನುಗ್ಗಿದ, ಕೊನೆಗೆ ಹೊಳೆಗೆ ಧುಮುಕಿದ. ತಲೆ ಎತ್ತಿದಾಗ ಎಡಗಣ್ಣು ಅತ್ತಿಹಣ್ಣಿನಷ್ಟು ಊದಿತ್ತು. ಕೊಕ್ಕಿನಲ್ಲಿ ಜೇನಿಲ್ಲ, ಬಾಲದಲ್ಲಿ ಎರಡು ಗರಿಯಿಲ್ಲ.

ಹೊತ್ತು ಇಳಿಯುತ್ತಿತ್ತು. ಚುಂಚಪ್ಪ ಒದ್ದೆ ಮೈಯಲ್ಲಿ ಒಂದು ಅತ್ತಿಮರದ ಮೇಲೆ ಕುಳಿತ. ಅಳು ಬರುವಂತಾಯಿತು. ಎದುರಿಗೇ ಕೆಂಪಗೆ ಕಳಿತ ಒಂದು ಹಣ್ಣಿತ್ತು. ಬೆಳಗ್ಗಿನಿಂದ ಅವನು ಏನೂ ತಿಂದಿರಲಿಲ್ಲ. ಕಿತ್ತ. ಬಾಯಿಗೆ ಹಾಕಿಕೊಂಡ. ನುಂಗಲಾಗಲಿಲ್ಲ. ಇಂಥ ಹಣ್ಣು ಸಿಕ್ಕರೆ ಸಂಪಿ ಖುಷಿಗೆ ಕೊಕ್ಕನ್ನು ಎರಡು ಸಲ ಗೋಡೆಗೆ ಉಜ್ಜುತ್ತಿದ್ದಳು.

'ಸಿಟ್ಟಿದ್ದರೆ ಇರಲಿ. ಮುಖ ತೋರಿಸದೆ ಕಿಂಡಿಯಲ್ಲಿ ಇಟ್ಟು ಓಡಿಬರುತ್ತೇನೆ' ಎಂದುಕೊಂಡ.

ಹಾರಿದರೆ ಸದ್ದಾದೀತೆಂದು ಕೊಂಬೆಯಿಂದ ಕೊಂಬೆಗೆ ಕುಪ್ಪಳಿಸುತ್ತ ತಾರೆ ಮರ ಹತ್ತಿದ. ಗೋಡೆಯ ಪಕ್ಕ ಅಡಗಿ ನಿಂತು, ಉಸಿರು ಬಿಗಿಹಿಡಿದು, ಹಣ್ಣನ್ನು ಮೆಲ್ಲಗೆ ಕಿಂಡಿಗೆ ತಳ್ಳಿದ. ತಳ್ಳಿ ಕೊಕ್ಕನ್ನು ಹಿಂದಕ್ಕೆ ಎಳೆಯಬೇಕು, ಅಷ್ಟರಲ್ಲಿ ಟಪಕ್! ಒಳಗಿನಿಂದ ಇನ್ನೊಂದು ಕೊಕ್ಕು ಬಂದು ಅವನ ಕೊಕ್ಕನ್ನು ಗಟ್ಟಿಯಾಗಿ ಹಿಡಿದುಬಿಟ್ಟಿತು.

"ಮ್... ಬಿಡೇ!"

ಬಿಡಲಿಲ್ಲ. ಹಿಡಿತ ಇನ್ನೂ ಬಿಗಿಯಾಯಿತು. ಹಣ್ಣು ಒಳಗೆ ಬಿದ್ದ ಸದ್ದು ಕೇಳಿತು. ಆಮೇಲೆ ಹಿಡಿತ ಸಡಿಲಿಸಿ, ಅವನು ಓಡುವ ಮೊದಲೇ ಸಂಪಿ ಕೇಳಿದಳು.

"ಎಲ್ಲಿ ಹೋಗಿದ್ರಿ ರೀ ನಾಲ್ಕು ದಿನ?"

ಆ ದನಿ ಸಿಟ್ಟಿನದಾಗಿರಲಿಲ್ಲ. ತೀರ ಸಣ್ಣಗಿತ್ತು.

"ನೀನೇ ಬರಬೇಡ ಅಂದೆಯಲ್ಲೇ!"

"ನಾನಾ? ನಿಮಗೆ ದಿನಾ ಸುದ್ದಿ ಹೇಳಿ ಹೇಳಿ ತಲೆನೋವು ಬಂದಿದೆ, ಅದಕ್ಕೇ ಭಾವ ಬರೋದಿಲ್ಲ ಅಂತ ಜಂಬಣ್ಣ ಹೇಳಿದ. ನಿಮ್ಮ ರೆಕ್ಕೆ ಸದ್ದು ಕೇಳ್ತಿತ್ತು. ಈಗ ಬರ್ತಾರೆ ಅಂತ ಕೊಕ್ಕು ಚಾಚಿ ಕೂರ್ತಿದ್ದೆ. ಕೆಳಗೇ ನಿಂತು ಆ ಸದ್ದು ಮತ್ತೆ ದೂರ ಹೋಗ್ತಿತ್ತು."

"ಮಾವಿನಹಣ್ಣು ತಂದೆನಲ್ಲೇ!"

"ಕಿಂಡಿಗೆ ಅದನ್ನು ಮೆತ್ತಿ ನನ್ನ ಉಸಿರು ಕಟ್ಟಿಸಿದ್ದು ನೀವಾ?"

"ಬಾಳೆಹಣ್ಣು? ಹಲಸು?"

"ಎರಡು ಸಿಪ್ಪೆ ಬಂತು. ಭಾವ ಇಷ್ಟೇ ಕಳಿಸಿದ್ದಾರೆ ಅಂದ. ಆಮೇಲೆ ಅದೂ ಇಲ್ಲ. ರೀ, ಇವತ್ತು ಗೋಡೆ ಒಡೆದು ನಾನೇ ಹೊರಗೆ ಬರೋಣ ಅಂತಿದ್ದೆ. ಹಸಿವು ತಡೆಯೋಕಾಗ್ಲಿಲ್ಲ."

ಚುಂಚಪ್ಪ ಊದಿಕೊಳ್ಳದ ಬಲಗಣ್ಣಿನಿಂದ ಕಿಂಡಿಯನ್ನು ನೋಡಿದ. ಅಂಚಿನಲ್ಲಿ ಮಣ್ಣು ಕುಕ್ಕಿದ ಹೊಸ ಗುರುತಿತ್ತು. ಕೆಳಗೆ ನೋಡಿದ. ಮೂವತ್ತು ಆಳು ಎತ್ತರ. ಸಂಪಿಯ ರೆಕ್ಕೆಯಲ್ಲಿ ಗರಿಯಿಲ್ಲ. ಒಂದು ದಿನ ತಡವಾಗಿದ್ದರೆ!

ಅವನು ತಕ್ಷಣ ಹಾರಿದ. ಹತ್ತಿರದ ಅತ್ತಿಮರಕ್ಕೆ ಹೋಗಿ ಗಂಟಲು ಹರಿಯುವಷ್ಟು ಹಣ್ಣು ತುಂಬಿಕೊಂಡು ಬಂದ. ಒಂದೊಂದಾಗಿ ಕೊಟ್ಟ. ಮಾವಿನ ಸುದ್ದಿ, ಮುಸುವಗಳ ಸುದ್ದಿ, ಮೊಸಳೆಯ ಸುದ್ದಿ, ಜೇನಿನ ಸುದ್ದಿ. ಮೊಸಳೆ ಮುಳುಗಿದಲ್ಲಿಗೆ ಬಂದಾಗ ಸಂಪಿಗೆ ನಗು ತಡೆಯಲಾಗದೆ ಹಣ್ಣು ಹೊರಗೇ ಚಿಮ್ಮಿ ಚುಂಚಪ್ಪನ ಹಣೆಗೆ ಬಡಿಯಿತು.

ಹೊಟ್ಟೆ ತುಂಬಿದ ಮೇಲೆ ಅವಳು ಹೇಳಿದಳು. "ಈಗ ಹೋಗಿ ಆ ಮಹರಾಯನನ್ನು ಕರೀರಿ."

ಚುಂಚಪ್ಪ ಕೆಳಗಿನ ಪೊಟರೆಯ ಮುಂದೆ ನಿಂತು ಗುಡುಗಿದ. "ಜಂಬಣ್ಣಾ! ಹೊರಗೆ ಬಾ!"

ಪೊಟರೆಯ ಅಂಚನ್ನು ಕೊಕ್ಕಿನಿಂದ ಬಡಿದ.

"ಹೊರಗೆ ಬರ್ತೀಯೋ, ನಾನು ಒಳಗೆ ಬರಲೋ?"

ಒಳಗೆ ಏನೋ ಎಳೆದಾಡಿದ ಸದ್ದಾಯಿತು. ಚರ್ ಎಂದಿತು, ಪಟ್ ಎಂದಿತು. ಕೊನೆಗೆ ಪೊಟರೆಯ ಬಾಯಲ್ಲಿ ಒಂದು ಆಕಾರ ಕಾಣಿಸಿತು. ಅದು ಜಂಬಣ್ಣನೇ ಎಂದು ತಿಳಿಯಲು ಚುಂಚಪ್ಪನಿಗೆ ಸ್ವಲ್ಪ ಹೊತ್ತು ಬೇಕಾಯಿತು.

ನಡೆದದ್ದು ಇಷ್ಟು. ಹಲಸು ಹಣ್ಣಾಗುವವರೆಗೆ ಕಾಯಲು ಜಂಬಣ್ಣನಿಂದ ಆಗಲಿಲ್ಲ. ಕಾಯಿಯನ್ನೇ ಬಗೆದ. ಹಲಸಿನ ಮೇಣ ಎಂಥದ್ದೆಂದು ಕೈಗೆ ಎಣ್ಣೆ ಹಚ್ಚದೆ ಹಲಸು ಮುಟ್ಟಿದವರಿಗೆಲ್ಲ ಗೊತ್ತು. ಕೈಗೆ ಹತ್ತಿತು. ಕೈ ಒರೆಸಿಕೊಳ್ಳಲು ಬಾಲ ಹಿಡಿದ, ಬಾಲಕ್ಕೆ ಹತ್ತಿತು. ಬಾಲ ಬಿಡಿಸಲು ಬಾಯಿ ಹಾಕಿದ, ಬಾಯಿಗೆ ಹತ್ತಿತು. ಈಗ ಬಾಲ ಬೆನ್ನಿಗೆ ಅಂಟಿತ್ತು. ಬೆನ್ನಿಗೆ ಬಾಳೆಯ ಸಿಪ್ಪೆ ಅಂಟಿತ್ತು. ಒಂದು ಕೈಗೆ ಮಾವಿನ ಓಟೆ ಅಂಟಿತ್ತು. ಕಿವಿಯ ಮೇಲೆ ಹಲಸಿನ ಮುಳ್ಳುಚಕ್ಕೆ ಟೊಪ್ಪಿಗೆಯಂತೆ ಕುಳಿತಿತ್ತು. ಮೈಯೆಲ್ಲ ಒಣಗಿದೆಲೆ, ಎಲೆಯ ಮೇಲೆಲ್ಲ ಇರುವೆ.

"ನನ್ನ ಹೆಂಡತಿಯ ಹಣ್ಣು ಎಲ್ಲಿ?" ಚುಂಚಪ್ಪ ಕೇಳಿದ.

ಜಂಬಣ್ಣನ ಬಳಿ ಉತ್ತರವಿತ್ತು. ಹತ್ತು ಉತ್ತರವಿತ್ತು. ಯಾರೋ ಕದ್ದರು ಎನ್ನಬಹುದಿತ್ತು, ಇರುವೆ ತಿಂದವು ಎನ್ನಬಹುದಿತ್ತು. ಆದರೆ ಎರಡು ದವಡೆ ಒಂದಕ್ಕೊಂದು ಕಚ್ಚಿಕೊಂಡು ಬಾಯಿಯೇ ತೆರೆಯಲಿಲ್ಲ.

"ಮ್ಮ್! ಮ್ಮ್ಮ್! ಮ್ಮ್ ಮ್ಮ್!" ಎಂದು ಓಟೆ ಅಂಟಿದ ಕೈಯನ್ನು ಆಕಾಶಕ್ಕೆ, ಹೊಳೆಗೆ, ಮುಸುವಗಳ ಕಡೆಗೆ ತೋರಿಸಿದ.

ಮುಸುವಗಳು ಇಷ್ಟು ಹೊತ್ತಿಗೆ ಮರದ ತುಂಬ ಜಮಾಯಿಸಿದ್ದವು. "ಏನಂತಾನೆ?" ಎಂದು ಒಂದು ಕೇಳಿತು.

ಮೇಲಿನ ಕಿಂಡಿಯಿಂದ ಸಂಪಿ ಹೇಳಿದಳು. "ಚಿಕ್ಕದಾಯ್ತಂತೆ!"

ಮರಕ್ಕೆ ಮರವೇ ನಕ್ಕಿತು. ನಗುವಿನ ರಭಸಕ್ಕೆ ಒಂದು ಮರಿ ಮುಸುವ ಕೊಂಬೆಯಿಂದ ಜಾರಿ ತನ್ನ ಅಜ್ಜಿಯ ತಲೆಯ ಮೇಲೆ ಬಿತ್ತು. ಅಜ್ಜಿಯೂ ನಗುತ್ತಲೇ ಇದ್ದಳು. ಜಂಬಣ್ಣ ಒಳಗೆ ಓಡೋಣವೆಂದು ತಿರುಗಿದ. ಪೊಟರೆಯ ಅಂಚಿಗೆ ಹೊಟ್ಟೆ ಅಂಟಿಕೊಂಡಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ.

ಚುಂಚಪ್ಪನ ಸಿಟ್ಟು ಇಳಿದಿರಲಿಲ್ಲ. ಕೊಕ್ಕನ್ನು ಎತ್ತಿದ. ಒಂದು ಕುಕ್ಕು ಸಾಕಿತ್ತು.

"ಬೇಡ ರೀ" ಎಂದಳು ಸಂಪಿ. "ಹೊಂಗೆಬೀಜ ತಂದುಕೊಡಿ. ಎಣ್ಣೆಗೆ ಮೇಣ ಬಿಡುತ್ತೆ. ಹೇಗೂ ಅವನ ಬಾಲದ ಗತಿ ಆಗಿಹೋಗಿದೆ."

ಮೂರು ದಿನ ಹೊಂಗೆಬೀಜ ಅರೆದು ತಿಕ್ಕಿದ್ದಾಯಿತು. ಮೇಣ ಬಿಟ್ಟಿತು. ಅದರ ಜೊತೆಗೆ ಬಾಲದ ಕೂದಲೂ ಬಿಟ್ಟಿತು, ಒಂದೆಳೆಯೂ ಉಳಿಯದಂತೆ. ಕುಚ್ಚಿನಂಥ ಬಾಲದ ಜಾಗದಲ್ಲಿ ಹಗ್ಗದ ತುಂಡಿನಂಥದೊಂದು ನೇತಾಡಿತು. ಮುಸುವದ ಮರಿಗಳು "ದೊಡ್ಡಿಲಿ ಮಾವ! ದೊಡ್ಡಿಲಿ ಮಾವ!" ಎಂದು ಕರೆಯತೊಡಗಿದವು. ಬಾಯಿ ತೆರೆದ ಮೇಲೆ ಜಂಬಣ್ಣ ಆಡಿದ ಮೊದಲ ಮಾತು, "ತಪ್ಪಾಯ್ತು ಅಕ್ಕ. ತಪ್ಪಾಯ್ತು ಭಾವ." ಆಮೇಲೆ ಕೂದಲು ಬೆಳೆಯುವವರೆಗೆ ಅವನು ಹಗಲು ಹೊರಗೆ ಬರಲೇ ಇಲ್ಲ.

ಹತ್ತು ದಿನ ಕಳೆದವು. ಒಂದು ಬೆಳಗ್ಗೆ ಚುಂಚಪ್ಪ ಗೋಡೆ ಬಡಿದಾಗ ಸಂಪಿಯ ಕೊಕ್ಕು ಹಣ್ಣಿಗಾಗಿ ಬಾಯಿ ತೆರೆಯಲಿಲ್ಲ. ಅದರ ತುದಿಯಲ್ಲಿ ಏನೋ ಇತ್ತು. ಬೆಳ್ಳಗೆ, ಉಗುರಿಗಿಂತ ಚಿಕ್ಕದು.

"ದಿನಾ ನೀವೇ ಕೊಡ್ತೀರಿ. ಇವತ್ತು ನಾನು ಕೊಡ್ತೀನಿ, ತಗೊಳ್ಳಿ" ಎಂದಳು.

ಚುಂಚಪ್ಪ ತಗೊಂಡ. ಮೊಟ್ಟೆಯ ಚಿಪ್ಪಿನ ಚೂರು! ಒಳಗಿನಿಂದ ತೆಳ್ಳನೆಯ ಒಂದು ದನಿ ಕೇಳಿತು. ಕೀಂ!

ಚುಂಚಪ್ಪನಿಗೆ ಹುಚ್ಚೇ ಹಿಡಿಯಿತು. ಚೂರನ್ನು ಕೊಕ್ಕಿನ ತುದಿಯಲ್ಲಿ ಹಿಡಿದು ಕಾಡೆಲ್ಲ ಸುತ್ತಿದ. ಎಲ್ಲರಿಗೂ ಹೇಳಬೇಕು! ಆದರೆ ಬಾಯಿ ತೆರೆದರೆ ಚೂರು ಬೀಳುತ್ತದೆ. ಕರಡಿಯಮ್ಮನ ಸುತ್ತ ಐದು ಸುತ್ತು ಹಾಕಿದ. "ಏನೋ? ಮತ್ತೆ ಜೇನು ಅಟ್ಟಿಸಿಕೊಂಡು ಬಂತಾ?" ಎಂದಳು ಅವಳು. ಮುಸುವಗಳ ಮುಂದೆ ಕುಣಿದ. "ಹೊಟ್ಟೆನೋವಾ?" ಎಂದು ಕೇಳಿದವು. ತಡೆದ, ತಡೆದ, ಇನ್ನು ತಡೆಯಲಾಗಲಿಲ್ಲ.

"ಮಗು!" ಎಂದು ಕಿರುಚಿದ.

ಚೂರು ಹಾರಿಹೋಯಿತು.

"ಅಯ್ಯಯ್ಯೋ! ಸಂಪಿ ಕೊಟ್ಟದ್ದು! ಸಂಪಿ ಕೊಟ್ಟದ್ದು!"

ಅವನ ಗೋಳು ಕೇಳಲಾಗದೆ ಕರಡಿಯಮ್ಮ ತರಗೆಲೆಗೆ ಮೂಗು ಹಾಕಿದಳು. ಮುಸುವಗಳು ಇಳಿದು ಬಂದವು. ಜಿಂಕೆಗಳು ಬಂದವು, ನವಿಲು ಬಂತು, ಮುಳ್ಳುಹಂದಿ ನಿದ್ದೆಗಣ್ಣಿನಲ್ಲೇ ಬಂತು. ಇಡೀ ಕಾಡು ತಲೆ ಬಗ್ಗಿಸಿ, ಬಾಲ ಮೇಲೆತ್ತಿ, ಉಗುರಿಗಿಂತ ಚಿಕ್ಕದೊಂದು ಚೂರನ್ನು ಹುಡುಕಿತು. "ಸಿಕ್ತಾ?" "ಇಲ್ಲ." "ಅದೇನು ಹೊಳೀತಿದೆ?" "ಅದು ನನ್ನ ಹಲ್ಲು ಕಣೋ!" ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಮುಳ್ಳುಹಂದಿ ಒಂದು ಹೆಣ್ಣು ಜಿಂಕೆಯನ್ನೇ ದುರುಗುಟ್ಟಿ ನೋಡಿತು. "ಅಮ್ಮಾ, ನಿಮ್ಮ ಮೂಗಿನ ಮೇಲಿರೋದೇನು?"

ಚೂರು ಅವಳ ಒದ್ದೆ ಮೂಗಿನ ತುದಿಗೆ ಅಂಟಿಕೊಂಡಿತ್ತು. ಜಿಂಕೆ ಎರಡೂ ಕಣ್ಣನ್ನು ಮೂಗಿಗೆ ತಂದು ನೋಡಿ ಬೆಚ್ಚಿದಳು. ಚುಂಚಪ್ಪ ಚೂರನ್ನು ಮೆಲ್ಲಗೆ ಎತ್ತಿಕೊಂಡ. ಈ ಸಲ ಯಾರು ಏನು ಕೇಳಿದರೂ ಬಾಯಿ ಬಿಡಲಿಲ್ಲ. ತಲೆಯಲ್ಲಾಡಿಸಿ ಎಲ್ಲರಿಗೂ ನಮಸ್ಕಾರ ಹೇಳಿ, ಭುಸ್ ಭುಸ್ಸೆಂದು ತಾರೆ ಮರದ ಕಡೆ ಹಾರಿದ.

ಅದನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದ. ಮರ ತಲುಪಿದ ಮೇಲೆ ಯೋಚಿಸಲು ಹೊತ್ತೇ ಸಿಗಲಿಲ್ಲ. ಕಿಂಡಿಯಲ್ಲಿ ಒಂದು ದೊಡ್ಡ ಕೊಕ್ಕು,‌ ಅದರ ಕೆಳಗೆ ಒಂದು ಪುಟಾಣಿ ಕೊಕ್ಕು, ಎರಡೂ ಬಾಯಿ ತೆರೆದು ಕಾಯುತ್ತಿದ್ದವು.

ನೀತಿ: ಪ್ರೀತಿಯಿಂದ ಕೊಡುವುದು ಎಷ್ಟೇ ಚಿಕ್ಕದಿರಲಿ, ಅದನ್ನು ನಾವೇ ಹೋಗಿ, ನಾಲ್ಕು ಮಾತಿನ ಜೊತೆಗೆ ಕೊಡಬೇಕು. ನಮ್ಮವರ ಮನಸ್ಸಿನಲ್ಲಿ ಏನಿದೆ ಎಂದು ಬೇರೆಯವರನ್ನು ಕೇಳದೆ ಅವರನ್ನೇ ಕೇಳಬೇಕು.